ಬೀಗರಿಲ್ಲದ ದೇಶ

ನನಗೀಗ ನಲವತ್ತೇಳು. ಇಷ್ಟು ವರ್ಷದಲ್ಲಿ ಒಂದೇ ಒಂದು ಊರಿಗಾದರೂ ಆ ಊರು ನೋಡಲಿಕ್ಕೆಂದು ಹೋದವಳಲ್ಲ ನಾನು. ಮೈಸೂರಿಗೆ ಹೋದದ್ದು ಚಿಕ್ಕಪ್ಪನ ಬಸುರಿ ಮಗಳ ಕುಬುಸಕ್ಕೆ. ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಅದೂ ಅರ್ಧ. ಇನ್ನರ್ಧಕ್ಕೆ ಲಾರಿ ಅಡ್ಡ ಬಂತು. ಮುಂಬೈಗೆ ಹೋದದ್ದು ಸಾವಿಗೆ. ಗೋವಾಕ್ಕೆ ಹೋದದ್ದು ಕೂಸಿಗೆ ಹೆಸರಿಡುವುದಕ್ಕೆ. ಸಮುದ್ರ ಅಲ್ಲಿಂದ ಎರಡು ಕಿಲೋಮೀಟರ್ ಅಂತೆ, ನಾನು ಆ ಹೊತ್ತಿನಲ್ಲಿ ಐವತ್ತು ಮಂದಿಗೆ ಚಪಾತಿ ಲಟ್ಟಿಸುತ್ತಿದ್ದೆ. ಹೋದಲ್ಲೆಲ್ಲ ಯಾರಾದರೂ ನಮ್ಮವರು, ಬೀಗರು, ನೆಂಟರು. ಮನೆಗೆ ಬಂದರೆ ನಾನು ಅವರಿಗೆ ಚಹಾ ಮಾಡಬೇಕು, ಅವರ ಮನೆಗೆ ಹೋದರೆ 'ನೀವು ಸುಮ್ನ ಕೂಡ್ರಿ' ಅನ್ನಿಸಿಕೊಂಡು ಅಡುಗೆಮನೆಗೆ ಎದ್ದು ಹೋಗಬೇಕು.

ಹಾಗಾಗಿ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಈ ಸಲ ಫಾರಿನ್ನಿಗೆ ಹೋಗೋಣ ಎಂದು ನಮ್ಮನೆಯವರು ಅಂದಾಗ ನಾನು ಒಂದೇ ಷರತ್ತು ಹಾಕಿದೆ. ನಮ್ಮವರು ಅನ್ನುವವರು ಒಬ್ಬರೂ ಇಲ್ಲದ ದೇಶ ಆಗಬೇಕು. ಹೋಟೆಲಿನಲ್ಲಿ ಇರಬೇಕು. ಬೆಳಿಗ್ಗೆ ಎದ್ದು ಕೂತರೆ ಯಾರೋ ಚಹಾ ತಂದುಕೊಡಬೇಕು, ಆ ಯಾರಿಗೋ ನಾನು ಯಾವ ಮನೆಯ ಸೊಸೆ ಅನ್ನುವುದು ಗೊತ್ತಿರಬಾರದು.

ನಮ್ಮನೆಯವರ ಹೆಸರು ಮಲ್ಲೇಶ. ಗೋಕಾಕದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ನಡೆಸುತ್ತಾರೆ. ಅಚ್ಚು ಹಾಕುವವರು ಬೇಕಾದಷ್ಟು ಮಂದಿ ಇದ್ದಾರೆ, ಇವರ ಹೆಸರು ನಡೆಯುವುದು ಹಂಚುವ ವಿದ್ಯೆಯಲ್ಲಿ. ಪತ್ರಿಕೆ ಮಾಡಿಸಿದವರಿಗೆ ಯಾವ ದಾರಿ ಹಿಡಿಯಬೇಕು, ಯಾರ ಮನೆ ಮೊದಲು, ಯಾರ ಮನೆಯಲ್ಲಿ ಕೂತು ಚಹಾ ಕುಡಿಯಬೇಕು, ಯಾರಿಗೆ ಬಾಗಿಲಲ್ಲೇ ಕೊಟ್ಟರೆ ನಡೆಯುತ್ತದೆ ಎಂದು ಪುಕ್ಕಟೆ ಬರೆದುಕೊಡುತ್ತಾರೆ. ನಮ್ಮ ಕಡೆ ಒಂದು ಓಣಿಯಲ್ಲಿ ಒಬ್ಬರ ಮನೆಗೆ ಹೋಗಿ ಬಾಜೂ ಮನೆ ಬಿಟ್ಟರೆ ಮುಂದಿನ ಮೂರು ಮದುವೆಯವರೆಗೆ ಮಾತಿಲ್ಲ. ಒಮ್ಮೆ ನಮ್ಮವರ ಮದುವೆಯೊಂದರ ಪತ್ರಿಕೆ ಹಂಚಲು ಇವರೇ ಮುಂಜಾನೆ ಮೂಡಲಗಿ ಬಿಟ್ಟು, ಗೋಕಾಕ ಮುಗಿಸಿ, ಸಂಜೆ ಹುಕ್ಕೇರಿ ಮುಟ್ಟುವಷ್ಟರಲ್ಲಿ ಅರವತ್ತೆರಡು ಮನೆ ಮಾಡಿದ್ದರು. ಮೂವತ್ತೊಂದು ಕಪ್ ಚಹಾ. ಆ ರಾತ್ರಿ ಕಣ್ಣು ಮುಚ್ಚಲಿಲ್ಲ, ಆದರೆ ಒಬ್ಬರನ್ನೂ ಬೇಜಾರು ಮಾಡಲಿಲ್ಲ. ಇಂಥ ಮನುಷ್ಯನ ಕೈಗೆ ಪ್ರವಾಸದ ಯೋಜನೆ ಕೊಟ್ಟದ್ದು ನನ್ನದೇ ತಪ್ಪು.

ನಮಗೆ ಸಮಯ ಬಹಳ ಇರಲಿಲ್ಲ. ಪ್ರೆಸ್ಸಿಗೆ ಬಿಡುವು ಇರುವುದು ಮದುವೆಗಳಿಲ್ಲದ ಆಷಾಢದಲ್ಲಿ ಮಾತ್ರ. ನಾನು ಗಣಿತ ಕಲಿಸುವ ಘಟಪ್ರಭಾದ ಶಾಲೆಯಲ್ಲಿ ಆಗ ರಜೆ ಇಲ್ಲ. ಹೆಡ್‌ಮಾಸ್ತರರ ಹತ್ತಿರ ಗೋಗರೆದು ಸೋಮವಾರದಿಂದ ಶನಿವಾರದವರೆಗೆ ಆರು ದಿನ ಪಡೆದೆ. ಹಿಂದೊಂದು ರವಿವಾರ, ಮುಂದೊಂದು ರವಿವಾರ. ಹೋಗಿ ಬರುವುದಕ್ಕೆ ಮೂರು ದಿನ ಕಳೆದರೆ ಉಳಿಯುವುದು ಐದು.

ಬಸ್‌ಸ್ಟ್ಯಾಂಡಿನ ಹತ್ತಿರ ಸೈಫಅಲಿಯ ಟ್ರಾವೆಲ್ಸ್ ಆಫೀಸಿದೆ. ನಮ್ಮನೆಯವರ ಶಾಲೆಯ ಗೆಳೆಯ. ಮಂದಿಯನ್ನು ಮೆಕ್ಕಾದ ಉಮ್ರಾ ಯಾತ್ರೆಗೆ ಕಳಿಸುತ್ತಿದ್ದವನು ಈಗ ಬ್ಯಾಂಕಾಕ್, ಬಾಲಿಗೂ ಕಳಿಸುತ್ತಾನೆ. ಗೋಡೆಯ ಮೇಲಿದ್ದ ಭೂಪಟ ತೋರಿಸಿ ಕೇಳಿದ, "ದುಬೈ ನೋಡ್ರಿ ವೈನಿ. ನಾಕ ದಿನದಾಗ ಮುಗೀತೈತಿ."

"ದುಬೈದಾಗ ನಮ್ಮ ಸ್ವಾದರಮಾವನ ಮೂರೂ ಮಕ್ಕಳು ಅದಾರ" ಅಂದರು ನಮ್ಮನೆಯವರು, ಹೆಮ್ಮೆಯಿಂದ.

"ಬ್ಯಾಡ" ಅಂದೆ ನಾನು.

"ಸಿಂಗಾಪುರ?"

"ಮಮದಾಪುರದ ಬಾಳೇಶನ ತಮ್ಮ."

"ಥೈಲ್ಯಾಂಡ?"

"ಮೂಡಲಗಿ ಅಲ್ಲವ್ವಕಾಕೂನ ಮೊಮ್ಮಗ ಅಲ್ಲೇ ಹೋಟ್ಲದಾಗ ಕೆಲಸಕ್ಕ ಅದಾನ. ಅವಂಗ ರೊಟ್ಟಿಗೆ ಹಚ್ಕೊಳ್ಳಾಕ ಶೇಂಗಾಹಿಂಡಿ ಕಳಸ್ಬೇಕಂತ ಆಕಿ ಒಂದ ವರ್ಷದಿಂದ ಗಂಟ ಬಿದ್ದಾಳ."

ಸೈಫಅಲಿ ಪೆನ್ನು ಕೆಳಗಿಟ್ಟ. "ವೈನಿ, ನೀವು ದೇಶ ನೋಡಾಕ ಹೊಂಟೀರೋ, ತಪ್ಪಿಸ್ಕೊಂಡ ಹೊಂಟೀರೋ?"

"ಎರಡೂ" ಅಂದೆ.

ಕೊನೆಗೆ ಅವನು ವಿಯೆಟ್ನಾಂ ಎಂದ. ನಮ್ಮನೆಯವರು ಕಣ್ಣು ಮುಚ್ಚಿದರು. ತಲೆಯೊಳಗೆ ಮೂರೂ ತಾಲೂಕಿನ ಮನೆಗಳನ್ನು ಒಂದೊಂದೇ ತಟ್ಟುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಐದು ನಿಮಿಷದ ಮೇಲೆ ಕಣ್ಣು ತೆರೆದು, ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ, "ಇಲ್ಲ. ವಿಯೆಟ್ನಾಂದಾಗ ನಮ್ಮವರು ಯಾರೂ ಇಲ್ಲ" ಅಂದರು. ನನಗೆ ಎದ್ದು ಕುಣಿಯಬೇಕು ಅನ್ನಿಸಿತು.

ಮರುದಿನ ಇವರು ಯೋಜನೆ ಬರೆದು ತಂದರು. ಐದು ದಿನಕ್ಕೆ ಏಳು ಊರು. ಕೊನೆಗೆ ಕಾಂಬೋಡಿಯಾ, ಯಾಕೆಂದರೆ ಅದು ಬಾಜೂಕೇ ಇದೆ. ಹನೋಯ್ ಊರಿನ ಸರೋವರಕ್ಕೆ ಎಂಟು ಹತ್ತರಿಂದ ಎಂಟು ಹದಿನಾರು, ಗಾಡಿಯಿಂದ ಇಳಿಯುವುದು ಬೇಡ. ಮ್ಯೂಸಿಯಂ, ಬಾಗಿಲಲ್ಲೇ.

"ಬಾಗಲದಾಗ ನಿಂತ ಮ್ಯೂಸಿಯಂ ನೋಡೂದು ಹೆಂಗ್ರಿ?" ಅಂದೆ.

"ಒಳಗ ಹೋದ್ರ ತಡ ಆಕ್ಕೈತಿ. ಮುಖ ತೋರ್ಸಿದ್ರ ಮುಗೀತು."

"ಮತ್ತ ಈ ಎರಡ ಗುಡಿ ಯಾಕ? ಎರಡೂ ಒಂದ ನಮೂನಿ ಅದಾವಲ್ಲ."

"ಒಂದ ಓಣ್ಯಾಗ ಅದಾವ. ಒಂದಕ್ಕ ಹೋಗಿ ಒಂದ ಬಿಟ್ರ ಏನ ತಿಳ್ಕೋತಾರ?"

"ಯಾರು ತಿಳ್ಕೋತಾರ?"

ಇವರಿಗೆ ಗುಡಿ ತೆಗೆಯಲು ಮನಸ್ಸಾಗಲಿಲ್ಲ. ನಾನು ಕೆಂಪು ಪೆನ್ನು ತಂದು ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುವಂತೆ ತಿದ್ದಿದೆ. ಹನೋಯ್, ದಾ ನಾಂಗ್, ಹೋಚಿಮಿನ್. ಮೂರೇ ಊರು, ದಿನಕ್ಕೆ ಎರಡೇ ಜಾಗ, ದಾ ನಾಂಗಿನಲ್ಲಿ ಒಂದು ಇಡೀ ದಿನ ಸಮುದ್ರದ ದಂಡೆಯಲ್ಲಿ ಏನೂ ಮಾಡದೆ ಕೂರುವುದು. 'ಏನೂ ಮಾಡದೆ' ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ, ಯಾರಿಗೂ ಹೇಳಬೇಡಿ ಎಂದೆ. ಹೂಂ ಎಂದರು. ಆ ಹೂಂ ಕೇಳಿದಾಗಲೇ ನನಗೆ ಸಂಶಯ ಬರಬೇಕಿತ್ತು.

ಹೇಳದೆ ಹೋಗಿ ಆಮೇಲೆ ಗೊತ್ತಾದರೆ ಮಂದಿ ಬೇಜಾರಾಗುತ್ತಾರೆ, ಹೇಳಿದರೆ ನಾನು ಸಿಟ್ಟಾಗುತ್ತೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇವರು ಕಂಡುಕೊಂಡ ಉಪಾಯ, ಬಾಯಿಬಿಟ್ಟು ಹೇಳುವುದಿಲ್ಲ, ಒಂದು ಸಣ್ಣ ಪತ್ರಿಕೆ ಅಚ್ಚು ಹಾಕಿ ಕೊಡುತ್ತೇನೆ ಎಂಬುದು. ನಾನು ಶಾಲೆಗೆ ಹೋದಾಗ ಪ್ರೆಸ್ಸಿನ ಕಂಪ್ಯೂಟರಿನಲ್ಲಿದ್ದ ಹಳೆಯ ಲಗ್ನಪತ್ರಿಕೆಯೊಂದನ್ನು ತೆರೆದು, ನಡುವಿನ ಹೆಸರು ತೆಗೆದು ನಮ್ಮ ಪ್ರವಾಸದ ದಿನ, ಊರುಗಳನ್ನು ಕೂರಿಸಿದರು. ಮೇಲಿನ 'ಶ್ರೀ ಬಸವೇಶ್ವರ ಪ್ರಸನ್ನ' ಹಾಗೇ ಇರಲಿ ಎಂದು ಬಿಟ್ಟರು. ಕೆಳಗಿನದನ್ನು ನೋಡಲೇ ಇಲ್ಲ. ಹದಿನೆಂಟು ವರ್ಷ ಅದನ್ನೇ ಅಚ್ಚು ಹಾಕಿದ ಕಣ್ಣಿಗೆ ಅದು ಕಾಣುವುದು ನಿಂತುಹೋಗಿತ್ತು. ಅರವತ್ತು ಪ್ರತಿ ತೆಗೆದು, ಮೂಡಲಗಿಯಿಂದ ಹುಕ್ಕೇರಿಯವರೆಗೆ ಒಂದೇ ದಿನದಲ್ಲಿ ಹಂಚಿ ಬಂದರು.

ಕೆಳಗೆ ಹೀಗಿತ್ತು: 'ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕು.' ಅದರ ಕೆಳಗೆ ಸಣ್ಣ ಮಕ್ಕಳ ಹೆಸರಿನಲ್ಲಿ: 'ನಮ್ಮ ಅಕ್ಕನ ಮದುವೆಗೆ ತಪ್ಪದೇ ಬರ್ರಿ.'

ಮೊದಲ ಫೋನು ಮೂಡಲಗಿಯ ಅಲ್ಲವ್ವಕಾಕೂದು. "ನಂದಿನಿ ಲಗ್ನ ಇಷ್ಟ ದೂರ ಇಟ್ಕೊಂಡೀರಲ್ಲ ರಾಜೇಶ್ವರಿ. ಅದೂ ಆಷಾಢದಾಗ. ಹುಡುಗನ ಕಡಿಯವರು ಚೀನಾದವರೇನ?"

ನಂದಿನಿ ನಮ್ಮ ಒಬ್ಬಳೇ ಮಗಳು, ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ, ಹಾಸ್ಟೆಲಿನಲ್ಲಿ ಇರುತ್ತಾಳೆ. ಅರ್ಧ ತಾಸಿನಲ್ಲಿ ಅವಳದೂ ಫೋನು ಬಂತು. ಗೆಳತಿಯೊಬ್ಬಳ ಅಪ್ಪನ ಕೈಗೆ ಪತ್ರಿಕೆ ಸೇರಿತ್ತು. "ಅವ್ವಾ, ನಂಗ ಪರೀಕ್ಷಿ ಅದಾವ. ನನ್ನ ಲಗ್ನಕ್ಕ ನೀವ ಹೋಗಿ ಬರ್ರಿ" ಎಂದು ಇಟ್ಟುಬಿಟ್ಟಳು.

ಎರಡು ದಿನ ಫೋನು ಕೆಳಗಿಡಲಾಗಲಿಲ್ಲ. ಮಮದಾಪುರದ ಬಾಳೇಶ ಟ್ರ್ಯಾಕ್ಸ್ ಗಾಡಿ ಹೇಳಲೇ ಎಂದು ಕೇಳಿದ. ವಿಯೆಟ್ನಾಂ ವರೆಗೆ ಎಷ್ಟು ಕಿಲೋಮೀಟರಾಗುತ್ತದೆ ಎಂದೂ ಕೇಳಿದ. ಸೈಫಅಲಿಯ ಆಫೀಸಿಗೆ ಹನ್ನೊಂದು ಮಂದಿ ಪಾಸ್‌ಪೋರ್ಟ್ ಸೈಜ್ ಫೋಟೊ ತಂದುಕೊಟ್ಟು, ಕಿಟಕಿ ಕಡೆ ಸೀಟು ಬೇಕೆಂದು ಹೇಳಿ ಹೋದರು. ಅವನು ನನಗೆ ಫೋನು ಮಾಡಿ, "ವೈನಿ, ನೀವು ತಪ್ಪಿಸ್ಕೊಂಡ ಹೊಂಟದ್ದು ಇವರಿಂದನ ಅಲ್ಲೇನ್ರಿ? ಇವರೆಲ್ಲಾ ಬರಾಕತ್ತಾರಲ್ಲ" ಅಂದ.

ನಾನು ಇವರ ಮುಂದೆ ಪತ್ರಿಕೆ ಹಿಡಿದು ನಿಂತೆ. ಇವರು ಅದನ್ನು ಮೂರು ಸಲ ಓದಿದರು. ಮೂರನೇ ಸಲಕ್ಕೆ ಕೆಳಗಿನ ಸಾಲು ಕಾಣಿಸಿತು.

"ಹೋಗ್ರಿ. ಮನಿಮನಿಗೆ ಹೋಗಿ ತಪ್ಪಾಗೇತಿ ಅಂತ ಹೇಳಿ ಬರ್ರಿ" ಅಂದೆ.

ಹೋದರು ಪಾಪ. ಅರವತ್ತು ಮನೆಗೂ ಹೋಗಿ ಲಗ್ನವಿಲ್ಲ, ಬರೀ ಪ್ರವಾಸ, ನಾವಿಬ್ಬರೇ ಎಂದು ಹೇಳಿದರು. ಕರೆದ ಮೇಲೆ ಬರಬೇಡಿ ಎನ್ನುವುದು ಸಣ್ಣ ಮಾತಲ್ಲ. ಬೇಜಾರಾದವರನ್ನು ಸಮಾಧಾನ ಮಾಡಲು ಇವರು ಒಂದೊಂದು ಮನೆಯಲ್ಲಿ ಒಂದೊಂದಕ್ಕೆ ಒಪ್ಪಿಕೊಂಡು ಬಂದಿದ್ದರು. ಸಂಜೆ ಕಾರಿನಿಂದ ಇಳಿಸಿದ್ದು ಏಳು ಕಿಲೋ ಕರದಂಟು, ನಾಲ್ಕು ಡಬ್ಬಿ ಶೇಂಗಾಹಿಂಡಿ, ಒಂದು ಕಟ್ಟು ಕಡಕ್ ರೊಟ್ಟಿ, ಹಳೆ ಸೀರೆಗಳ ತುಂಡು ಹೊಲಿದ ಒಂದು ಕೌದಿ.

"ವಿಯೆಟ್ನಾಂದಾಗ ನಮ್ಮವರು ಯಾರೂ ಇಲ್ಲಂದ್ರೆಲ್ಲ, ಇವು ಯಾರಿಗೆ?" ಅಂದೆ.

"ಯಾರರ ಸಿಕ್ರ ಕೊಡ್ರಿ ಅಂದ್ರು" ಅಂದರು ಸಣ್ಣ ದನಿಯಲ್ಲಿ.

ಅಲ್ಲಿಗೆ ನನ್ನ ತಾಳ್ಮೆ ಹರಿಯಿತು. ಕೌದಿಯ ಮೇಲೆ ಕೂತು ಅತ್ತೆ. ಸಿಟ್ಟಿಗೆ ಅತ್ತೆ, ಆಮೇಲೆ ಖರೆಯಾಗಿಯೇ ಅತ್ತೆ. "ಇಪ್ಪತ್ತೈದ ವರ್ಷ ಆತ್ರಿ. ಒಂದ ಮುಂಜಾನಿ ಕೇಳಾಕತ್ತೇನಿ. ಯಾರಿಗೂ ಏನೂ ಆಗದ ಒಂದ ಮುಂಜಾನಿ. ಸೊಸಿ ಅಲ್ಲ, ವೈನಿ ಅಲ್ಲ, ಕಾಕೂ ಅಲ್ಲ. ಅದನ್ನ ನೀವು ಮಂದಿಗೆ ಹಂಚಿಬಿಟ್ರಿ."

ಇವರು ಅವತ್ತು ಊಟಕ್ಕೂ ಏಳಲಿಲ್ಲ. ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ, ಮತ್ತೆ ಕೆಳಗಿಳಿಸಿ, ಮತ್ತೆ ಜೋಡಿಸುತ್ತ ಕೂತಿದ್ದರು.

ಹೊರಡಲು ಇನ್ನೂ ಮೂರು ವಾರವಿತ್ತು. ರವಿವಾರ ಹತ್ತೂವರೆಗೆ ಹುಕ್ಕೇರಿಯಿಂದ ಪಾರವ್ವ ಅಕ್ಕ ಬಂದರು. ಅವರು ನಮ್ಮನೆಯವರ ಹಿರಿಯಕ್ಕ, ಅರವತ್ತೆರಡು ವರ್ಷ. ಅವ್ವ ತೀರಿಕೊಂಡಾಗ ಒಂಬತ್ತು ವರ್ಷದ ಮಲ್ಲೇಶನನ್ನು ತಮ್ಮ ಗಂಡನ ಮನೆಗೆ ಕರೆದೊಯ್ದು ಬೆಳೆಸಿದವರು. ಅವರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಈ ಮನೆಯ ಬಣ್ಣ, ನನ್ನ ಬಾಣಂತನ, ನಂದಿನಿಯ ಹೆಸರು, ಪ್ರೆಸ್ಸಿನ ಮಷಿನ್ನು, ಎಲ್ಲ ಅವರು ಹೇಳಿದ ಹಾಗೇ ಆದದ್ದು. ನಮ್ಮನೆಯವರು ಅವರಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ.

ಅಕ್ಕ ಚೀಲ ಕೆಳಗಿಟ್ಟು, ನೀರು ಕುಡಿದು, ನೇರ ವಿಷಯಕ್ಕೆ ಬಂದರು. "ಕೇಳಿಲ್ಲಿ ಮಲ್ಲೂ. ನಮ್ಮ ಓಣಿ ದುಂಡಪ್ಪ ಮಾಸ್ತರನ ಅಳ್ಯಾಗ ಅದೇನೋ ಹನೋಯ್ ಅಂತಲ್ಲ, ಅಲ್ಲಿಗನ ಬದಲಿ ಆಗೇತಿ. ನಾ ಮಾಸ್ತರನ ಮಗಳ ಜೋಡಿ ಫೋನಿನಾಗ ಮಾತಾಡೇನಿ. ಹೋಟ್ಲ ಗೀಟ್ಲ ಬ್ಯಾಡ. ಐದೂ ದಿನ ಅವರ ಮನ್ಯಾಗ ಇರ್ರಿ. ಆ ಹುಡುಗಿಗೆ ರೊಟ್ಟಿ ಬಡ್ಯಾಕ ಬರೂದಿಲ್ಲಂತ, ಅಲ್ಲಿ ಊಟ ಸೇರವಲ್ದಂತ. ಪಾಪ ಅಳಾಕತ್ತಿತ್ತು. ರಾಜೇಶ್ವರಿ ಬಂದ ಮಾಡಿ ಹಾಕ್ತಾಳ ಅಂತ ಹೇಳೇನಿ."

ನಾನು ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಅನ್ನುತ್ತಾರಲ್ಲ, ವಿಯೆಟ್ನಾಮಿಗೆ ಹೋದರೂ ನಾನು ರೊಟ್ಟಿ ಹಂಚಿನ ಮುಂದೆ ಬರದೇ ಇರುವ ಹಾಗಿರಲಿಲ್ಲ. ಬಾಯಿ ತೆರೆದರೆ ಅಳು ಬರುತ್ತದೆಂದು ತುಟಿ ಕಚ್ಚಿ ಹಿಡಿದೆ.

"ಇಲ್ಲ ಅಕ್ಕಾ" ಅಂದರು ನಮ್ಮನೆಯವರು.

ಅಕ್ಕನಿಗೆ ಅದು ಕೇಳಿಸಿದಂತಿರಲಿಲ್ಲ. "ಹೋಗುವಾಗ ಜ್ವಾಳದ ಹಿಟ್ಟ ಹತ್ತ ಕಿಲೋ ಒಯ್ಯಬೇಕಾಗ್ತೈತಿ" ಎಂದು ಮುಂದುವರಿಸಿದರು.

"ಇಲ್ಲಕ್ಕಾ. ನಾವು ಯಾರ ಮನಿಗೂ ಹೋಗೂದಿಲ್ಲ. ಯಾರಿಗೂ ಏನೂ ಒಯ್ಯೂದಿಲ್ಲ. ಆಕಿಗೆ ಚಹಾ ಯಾರರ ತಂದ ಕೊಡಬೇಕು. ಆಕಿ ಯಾರಿಗೂ ಮಾಡಿ ಹಾಕೂದಿಲ್ಲ." ಇವರು ಕೂತಲ್ಲಿಂದ ಎದ್ದು ನಿಂತರು. "ನೀ ಬೇಜಾರಾದ್ರೂ ಅಷ್ಟ."

ಅರವತ್ತೆರಡು ಮನೆಗೆ ಪತ್ರಿಕೆ ಕೊಟ್ಟು ಒಬ್ಬರನ್ನೂ ಬೇಜಾರು ಮಾಡದ ಮನುಷ್ಯ, ಸಾಕಿದ ಅಕ್ಕನ ಮುಂದೆ ಆ ಮಾತು ಆಡಿದ್ದು ನನಗಾಗಿ. ನಾನು ಚಹಾದ ತಟ್ಟೆಯನ್ನು ಟೇಬಲ್ಲಿನ ಮೇಲಿಟ್ಟೆ. ಇಪ್ಪತ್ತೈದು ವರ್ಷದಲ್ಲಿ ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅಕ್ಕ ತಮ್ಮನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ, ಇಲ್ಲವೇ ಚೀಲ ಎತ್ತಿಕೊಂಡು ನಡೆಯುತ್ತಾರೆ ಎಂದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಹೋಟ್ಲದಾಗ ಚಹಾ ಯಾರ ಮಾಡ್ತಾರ?"

"ಅವರ ಮಾಡ್ತಾರ್ರಿ ಅಕ್ಕಾರ."

"ಕಪ್ಪ ಯಾರ ತೊಳೀತಾರ?"

"ಅವರ."

"ಹಾಸಗಿ?"

"ಅದನ್ನೂ ಅವರ ಮಡಚ್ತಾರ್ರಿ."

"ಮಂದಿ ಬಂದ್ರ?"

"ಮಂದಿ ಬರೂದಿಲ್ರಿ. ಅಲ್ಲಿ ಯಾರಿಗೂ ನಮ್ಮ ಗುರ್ತ ಇರೂದಿಲ್ಲ."

ಅಕ್ಕ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡರು. ಆಗ ನನಗೆ ಹೊಳೆಯಿತು, ಹೊಳೆದದ್ದಕ್ಕೆ ನಾಚಿಕೆಯೂ ಆಯಿತು. ಇಷ್ಟು ವರ್ಷ ಹುಕ್ಕೇರಿಗೆ ಹೋದಾಗಲೆಲ್ಲ ನಾನು 'ಮತ್ತೆ ಬೀಗರ ಮನೆ' ಎಂದು ಮುಖ ಗಂಟು ಹಾಕಿಕೊಂಡು ಕೂತಿದ್ದೆ. ಅಲ್ಲಿ ಒಲೆಯ ಮುಂದೆ ಇರುತ್ತಿದ್ದವರು ಈ ಅಕ್ಕ. ನಾನು ಆಗೊಮ್ಮೆ ಈಗೊಮ್ಮೆ ಹೋಗಿ ಬರುವವಳು. ಅವರ ಮನೆಗೆ ಮಂದಿ ಬರುವುದು ನಿಂತದ್ದೇ ಇಲ್ಲ.

ಅಕ್ಕ ಚೀಲದೊಳಗೆ ಕೈ ಹಾಕಿದರು. ಉದ್ದಿನ ಹಪ್ಪಳದ ಕಟ್ಟಿನ ಕೆಳಗಿನಿಂದ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗಿನಿಂದ ಒಂದು ಕರವಸ್ತ್ರ, ಕರವಸ್ತ್ರದೊಳಗಿನಿಂದ ಒಂದು ಪಾಸ್‌ಪೋರ್ಟು ತೆಗೆದು ಟೇಬಲ್ಲಿನ ಮೇಲಿಟ್ಟರು. ಹೊಚ್ಚ ಹೊಸದು. ಫೋಟೊದಲ್ಲಿ ಅಕ್ಕ ಯಾರಿಗೋ ಬೈಯುವವರ ಹಾಗೆ ನೋಡುತ್ತಿದ್ದರು.

ನಮ್ಮನೆಯವರು ಅದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದನ್ನ ಯಾವಾಗ ಮಾಡಿಸ್ದಿ?"

"ಹ್ವಾದ ವರ್ಷ. ಬೆಳಗಾಂವಿಗೆ ಕಣ್ಣ ತೋರಸಾಕ ಹೋಗ್ತೇನಿ ಅಂತ ಹೇಳಿ ಹೋಗಿದ್ದೆ."

"ಪೊಲೀಸ ಮನಿಗೆ ಬಂದಿರಬೇಕಲ್ಲ. ಮಾವಾರಿಗೆ ಗೊತ್ತಾಗ್ಲಿಲ್ಲೇನ?" ಮಾವಾರು ಅಂದರೆ ಅಕ್ಕನ ಗಂಡ.

"ರೇಷನ್ ಕಾರ್ಡಿನ ಸಾಹೇಬ ಅಂದೆ. ನಂಬಿದ್ರು. ಅವಂಗೂ ಚಹಾ ಮಾಡಿಕೊಟ್ಟೆ."

"ಮಾವಾರನ್ನ ಕರ್ಕೊಂಡ ಹೋಗಬೇಕಂತ ಮಾಡಿದ್ದೇನ?" ಅಂದರು ನಮ್ಮನೆಯವರು.

"ನಿಡಸೋಸಿ ದಾಟಿದ್ರ ವಾಂತಿ ಮಾಡ್ಕೋತಾರ ಅವರು. ಎಲ್ಲಿ ಕರ್ಕೊಂಡ ಹೋಗ್ಲಿ?" ಅಕ್ಕ ಪಾಸ್‌ಪೋರ್ಟಿನ ಮೇಲೆ ಕೈಯಾಡಿಸಿದರು. "ಎಲ್ಲಿಗೆ ಹೋಗೂದು ಅಂತ ಗೊತ್ತಿರಲಿಲ್ಲ. ಇರ್ಲಿ ಅಂತ ಮಾಡಿಸಿ ಇಟ್ಟಿದ್ದೆ."

ಚಹಾ ಆರಿಹೋಗಿತ್ತು. ಅದನ್ನು ಬಿಸಿ ಮಾಡಲು ಅಕ್ಕ ಅಭ್ಯಾಸದಂತೆ ಏಳಲು ಹೋದರು, ನಾನು ಭುಜ ಹಿಡಿದು ಕೂರಿಸಿದೆ.

"ನಾ ನಿಮಗ ತ್ರಾಸ ಕೊಡೂದಿಲ್ಲ" ಅಂದರು ಅಕ್ಕ. ಅಷ್ಟು ಮೆತ್ತಗಿನ ದನಿ ಅವರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಬ್ಯಾರೆ ರೂಮಿನಾಗ ಇರ್ತೇನಿ. ವಿಮಾನದಾಗೂ ದೂರ ಕೂಡ್ತೇನಿ. ಎದರಿಗೆ ಬಂದ್ರ ನೀವು ನನ್ನ ಗುರ್ತ ಹಿಡಿಬ್ಯಾಡ್ರಿ. ನಾನೂ ಹಿಡಿಯೂದಿಲ್ಲ."

ನಮ್ಮನೆಯವರು ನನ್ನ ಮುಖ ನೋಡಿದರು. ಈ ಸಲ ಅವರು ಯೋಜನೆ ಹಾಕಲಿಲ್ಲ, ಹೂಂ ಅನ್ನಲಿಲ್ಲ, ಕಾದರು. ನಾನು ಫೋನು ತೆಗೆದು ಸೈಫಅಲಿಗೆ ಹಚ್ಚಿದೆ. ಇನ್ನೊಂದು ಟಿಕೆಟ್ಟು ಬೇಕು, ಇನ್ನೊಂದು ರೂಮು, ಸಮುದ್ರದ ಕಡೆಯದೇ ಆಗಬೇಕು ಎಂದೆ.

"ಯಾರಿಗ್ರಿ ವೈನಿ?" ಅಂದ ಸೈಫಅಲಿ, ಹೆದರುತ್ತಲೇ.

ನಾನು ಅಕ್ಕನನ್ನು ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

"ಗೊತ್ತಿಲ್ಲ" ಅಂದೆ. "ಯಾರೋ ಹುಕ್ಕೇರಿಯವರಂತ."